ಎರಡು ಗ್ರಂಥಿ, ಒಂದೇ ರಕ್ತ

ಶುಗರೂ ಇದೆ, ಥೈರಾಯ್ಡೂ ಕಡಿಮೆ ಇದೆ ಎನ್ನುವವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದರೆ ಒಂದೇ ಸಲ ಚುಚ್ಚಿ ಮೂರು ಟ್ಯೂಬು ರಕ್ತ ತೆಗೆಯುತ್ತಾರೆ. ಬೂದು ಮುಚ್ಚಳದ್ದು ಆ ಹೊತ್ತಿನ ಸಕ್ಕರೆಗೆ. ನೇರಳೆ ಮುಚ್ಚಳದ್ದು, ನಾವೆಲ್ಲ ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿಗೆ. ಹಳದಿ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೆ ಹೊಂಬಣ್ಣದ ತಿಳಿ ನಿಲ್ಲುತ್ತದೆ. ಟಿಎಸ್‌ಎಚ್, ಟಿ4 ಸಿಗುವುದು ಆ ತಿಳಿಯಲ್ಲಿ. ಸಂಜೆ ರಿಪೋರ್ಟ್ ಬಂದಾಗ ನಮ್ಮ ಕಣ್ಣು ಹುಡುಕುವುದು ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ಮಾತ್ರ. ಆದರೆ ಆ ನಾಲ್ಕು ಸಾಲುಗಳ ಮುಂದೆ ತುಸು ಹೊತ್ತು ಸುಮ್ಮನೆ ಕುಳಿತರೆ, ನಮ್ಮದೇ ಮೈ ನಮಗೆ ಬೆರಗು ಹುಟ್ಟಿಸುತ್ತದೆ.

ಆರೋಗ್ಯವಂತರ ಇಡೀ ದೇಹದ ರಕ್ತದಲ್ಲಿ, ಖಾಲಿ ಹೊಟ್ಟೆಯಲ್ಲಿರುವ ಗ್ಲೂಕೋಸ್ ಸುಮಾರು 5 ಗ್ರಾಂ. ಒಂದು ಚಮಚ, ಅಷ್ಟೇ. ಅದನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಇನ್ನೂ ಅಲ್ಪ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲೂ ಆ ಹೊತ್ತಿನಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿರುವುದಿಲ್ಲ. ಯಾವುದಕ್ಕೂ ಅಂಟದೆ ರಕ್ತದಲ್ಲಿ ಸ್ವತಂತ್ರವಾಗಿ ಓಡಾಡುವ ಥೈರಾಯ್ಡ್ ಹಾರ್ಮೋನು ಟಿ4, ಅಂಥ ಒಂದು ಪಾಲಿನ ಸುಮಾರು ನೂರನೇ ಒಂದಂಶ. ಇಷ್ಟು ಕಡಿಮೆ ಇದ್ದೂ, ಅದು ತುಸು ಇಳಿದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಗೆ ಗೊತ್ತಾಗುತ್ತದೆ. ಟಿ4 ಅರ್ಧಕ್ಕೆ ಇಳಿದರೆ ಪಿಟ್ಯುಟರಿ ಟಿಎಸ್‌ಎಚ್ ಅನ್ನು ಎರಡು ಪಟ್ಟಲ್ಲ, ಹತ್ತಾರು ಪಟ್ಟು ಏರಿಸಿ ಥೈರಾಯ್ಡನ್ನು ಕೆಲಸಕ್ಕೆ ಒತ್ತಾಯಿಸುತ್ತದೆ. ಸುಸ್ತು, ಚಳಿ, ಮಲಬದ್ಧತೆ ಅಂತ ನಮಗೆ ಅನ್ನಿಸುವ ಮೊದಲೇ ಎಷ್ಟೋ ಸಲ ಟಿಎಸ್‌ಎಚ್ ತನ್ನ ಮೇಲ್ಮಿತಿಯಾದ ಸುಮಾರು 4 ಅನ್ನು ದಾಟಿ ಮೇಲೇರಿರುತ್ತದೆ.

ಇಷ್ಟು ಅಲ್ಪವಾದದ್ದನ್ನು ಮನುಷ್ಯ ಅಳೆದದ್ದಾದರೂ ಹೇಗೆ? ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ, ಭೌತವಿಜ್ಞಾನಿ ರೋಸಲಿನ್ ಯಾಲೋ ಮತ್ತು ವೈದ್ಯ ಸೊಲೊಮನ್ ಬರ್ಸನ್ 1950ರ ದಶಕದಲ್ಲಿ ಇನ್ಸುಲಿನ್ ಅಣುವಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿದರು. ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತದಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಪ್ರತಿಕಾಯಗಳಿವೆ ಎಂದು ಅವರು ಕಂಡುಕೊಂಡಾಗ ಹಿರಿಯರು ನಂಬಲಿಲ್ಲ. ಶೀರ್ಷಿಕೆಯಿಂದ ‘ಪ್ರತಿಕಾಯ’ ಎಂಬ ಪದ ತೆಗೆದ ಮೇಲೆಯೇ ಆ ಪ್ರಬಂಧ 1956ರಲ್ಲಿ ಅಚ್ಚಾಯಿತು. ಅದೇ ಪ್ರತಿಕಾಯವನ್ನು ಅವರು ಅಳತೆಗೆ ಬಳಸಿದರು. ಬಸ್ಸಿನ ಸೀಟಿನಂತೆ ಪ್ರತಿಕಾಯದಲ್ಲೂ ಜಾಗ ಇರುವಷ್ಟೇ. ರೋಗಿಯ ಇನ್ಸುಲಿನ್ ಹೆಚ್ಚು ಹತ್ತಿದರೆ ಅಯೋಡಿನ್ ಗುರುತು ಹಾಕಿದ ಇನ್ಸುಲಿನ್ ಸೀಟು ಸಿಗದೆ ಹೊರಗುಳಿಯುತ್ತದೆ. ಹೊರಗುಳಿದದ್ದನ್ನು ಎಣಿಸಿದರೆ ಒಳಗೆ ಕುಳಿತದ್ದು ಎಷ್ಟೆಂದು ತಿಳಿಯುತ್ತದೆ. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು. ಮುಂದೆ ಟಿಎಸ್‌ಎಚ್ ಅನ್ನೂ ಇದೇ ದಾರಿಯಲ್ಲಿ ಅಳೆದರು. ಥೈರಾಯ್ಡ್ ತನ್ನ ಹಾರ್ಮೋನು ಕಟ್ಟಲು ಬೇಡುವ ಅಯೋಡಿನ್ನೇ ಇನ್ಸುಲಿನ್‌ನ ಅಳತೆಗೆ ಮೊದಲ ಗುರುತಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಇನ್ನೊಂದು ಬೆರಗು ಕಾಲದ್ದು. ಇನ್ಸುಲಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಕೆಲವೇ ನಿಮಿಷ ಸಾಕು. ಟಿ4ಗೆ ಸುಮಾರು ಒಂದು ವಾರ ಬೇಕು. ಆದ್ದರಿಂದಲೇ ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡುತ್ತಾರೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ತಾನಾಗಿಯೇ ಅಂಟುತ್ತಾ ಹೋಗುತ್ತದೆ. ಎಚ್‌ಬಿಎ1ಸಿ ಅಳೆಯುವುದು ಇದನ್ನೇ. ಮಧುಮೇಹಿಗಳ ಹಿಮೋಗ್ಲೋಬಿನ್‌ನಲ್ಲಿ ಇದರಿಂದಾಗುವ ವ್ಯತ್ಯಾಸವನ್ನು 1968ರಲ್ಲಿ ಗುರುತಿಸಿದವರು ಟೆಹ್ರಾನಿನ ಸ್ಯಾಮ್ಯುಯೆಲ್ ರಹಬರ್. ಹೀಗೆ ನಮ್ಮ ಕೈಗೆ ಬರುವ ಆ ಒಂದು ಹಾಳೆಯಲ್ಲಿ ಇವತ್ತಿನ ಬೆಳಗಿದೆ, ಕಳೆದ ಕೆಲವು ವಾರಗಳಿವೆ, ಮೂರು ತಿಂಗಳ ಊಟ ತಿಂಡಿಯೂ ಇದೆ.

ಈ ಅಂಕಿಗಳು ಒಂದನ್ನೊಂದು ಮುಟ್ಟುತ್ತವೆ ಎಂಬುದು ನಾವು ಹೆಚ್ಚಾಗಿ ಮರೆಯುವ ಸಂಗತಿ. ಥೈರಾಯ್ಡ್ ಮಂದವಾದಾಗ ಅಸ್ಥಿಮಜ್ಜೆಯೂ ಮಂದವಾಗುತ್ತದೆ. ಹೊಸ ರಕ್ತಕಣ ಹುಟ್ಟುವುದು ತಗ್ಗಿ, ರಕ್ತದಲ್ಲಿ ಹಳೆಯವುಗಳ ಪಾಲು ಹೆಚ್ಚುತ್ತದೆ. ಹಳೆಯ ಕಣಕ್ಕೆ ಅಂಟಿದ ಸಕ್ಕರೆಯೂ ಹೆಚ್ಚು. ಹಾಗಾಗಿ ನಿಜವಾದ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಸ್ವಲ್ಪ ಮೇಲೆ ಕಾಣಬಹುದು. ಥೈರಾಯ್ಡ್ ಮಾತ್ರೆ ಶುರುವಾಗಿ ಹೊಸ ಕಣಗಳು ಬಂದಾಗ ಅದೇ ಅಂಕಿ, ಊಟದಲ್ಲಿ ಏನೂ ಬದಲಾಗದೆ ಕೆಳಗಿಳಿಯಲೂಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿರುವ ಕಬ್ಬಿಣದ ಕೊರತೆಯೂ ಈ ಅಂಕಿಯನ್ನು ಹೀಗೆಯೇ ಏರಿಸುತ್ತದೆ. ಅತ್ತ, ಥೈರಾಯ್ಡ್ ಕುಂದಿದಾಗ ದೇಹ ಇನ್ಸುಲಿನ್ ಅನ್ನು ನಿಧಾನವಾಗಿ ಕರಗಿಸುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಶುಗರ್ ಇದ್ದಕ್ಕಿದ್ದಂತೆ ಇಳಿಯುವ ಅಪಾಯ ಹೆಚ್ಚುತ್ತದೆ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯೂ ಹೊಟ್ಟೆಯ ಹಿಂದಿದ್ದು ಇನ್ಸುಲಿನ್ ತಯಾರಿಸುವ ಗ್ರಂಥಿಯೂ ಎಂದೂ ಮುಖಾಮುಖಿಯಾದವಲ್ಲ. ಆದರೂ ಒಂದರ ಕಷ್ಟ ಇನ್ನೊಂದರ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಒಂದೇ ಅಂಕಿ ನೋಡಿ ಕುಗ್ಗುವುದೂ ಬೇಡ, ಹಿಗ್ಗುವುದೂ ಬೇಡ. ಶುಗರಿಗೊಬ್ಬ ಡಾಕ್ಟರು, ಥೈರಾಯ್ಡಿಗೊಬ್ಬ ಡಾಕ್ಟರು ಎಂದು ಹೋಗುವವರು ಎರಡೂ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿಟ್ಟು ಇಬ್ಬರಿಗೂ ತೋರಿಸಿ. ಮನೆಯಲ್ಲಿ ಗ್ಲುಕೋಮೀಟರಿನಲ್ಲಿ ನೋಡಿದ್ದನ್ನೂ ಬರೆದಿಟ್ಟು ಒಯ್ಯಿರಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಕೆಡಿಸಬಲ್ಲದು. ದೇಹ ಎಲ್ಲವನ್ನೂ ಒಟ್ಟಿಗೇ ನಡೆಸುತ್ತದೆ. ನಾವೂ ಅದರ ಲೆಕ್ಕವನ್ನು ಒಟ್ಟಿಗೇ ಓದಬೇಕು.