ಸಹಿ ಇಲ್ಲದ ಮಾತು

ಸರಕಾರಿ ಕಚೇರಿಯ ಕಡತದಲ್ಲಿ ನಾವು ಒಂದೇ ಸಾಲಿನ ಟಿಪ್ಪಣಿ ಬರೆದರೂ ಕೆಳಗೆ ಸಹಿ ಮಾಡಿ ತಾರೀಖು ಹಾಕಲೇಬೇಕು. ಹತ್ತು ವರ್ಷಗಳ ನಂತರವೂ ‘ಇದನ್ನು ಬರೆದವರಾರು?’ ಎಂದು ಕೇಳುವವರುಂಟು. ಸಂಜೆ ಡೊಂಬಿವಲಿಯ ಫಾಸ್ಟ್ ಲೋಕಲ್ ಹತ್ತಿದೆವೆಂದರೆ ಹಾಗಲ್ಲ. ಅಲ್ಲಿ ದೇಶದ ಮೇಲೆ, ಧರ್ಮದ ಮೇಲೆ, ಇನ್ನೊಂದು ಪ್ರಾಂತದ ಜನರ ಮೇಲೆ ಆಡಿಬಿಟ್ಟ ಮಾತಿಗೆ ಸಹಿಯೂ ಇಲ್ಲ, ತಾರೀಖೂ ಇಲ್ಲ. ಠಾಣೆ ದಾಟುವಷ್ಟರಲ್ಲಿ ಅಂದವರು ಯಾರೆಂಬುದು ಮರೆತಿರುತ್ತದೆ, ನಗು ಮಾತ್ರ ಉಳಿದಿರುತ್ತದೆ. ಇಂಥ ಮಾತಿಗೆ ಹೊಣೆ ಯಾರು?

‘ತಮಾಷೆಗೆ ಅಂದದ್ದು ಸ್ವಾಮಿ, ಅದಕ್ಕೂ ಲೆಕ್ಕವೇ?’ ಎನ್ನಬಹುದು. ಒಪ್ಪತಕ್ಕ ಮಾತೇ. ನಾಲ್ಕನೆಯ ಸೀಟಿನ ಅಂಚಿನಲ್ಲಿ ಅರ್ಧ ಕುಳಿತು ದಿನವೂ ಗಂಟೆಗಟ್ಟಲೆ ಓಡಾಡುವ ಮಂದಿಗೆ ನಗುವೂ ಬೇಡವೆಂದರೆ ಹೇಗೆ? ಮಳೆಯನ್ನು, ರೈಲ್ವೆಯನ್ನು, ಮಂತ್ರಿಗಳನ್ನು, ನಮ್ಮಂಥ ಗುಮಾಸ್ತರನ್ನು ಬೇಕಾದಷ್ಟು ಹಾಸ್ಯ ಮಾಡಲಿ. ಅದರಿಂದ ಇವರಾರೂ ಕೆಡುವವರಲ್ಲ.

ಆದರೆ ಬಾಗಿಲ ಬಳಿ ಗಂಟುಮೂಟೆ ಹಿಡಿದು ನಿಂತ ಉತ್ತರ ಪ್ರದೇಶದ ಹುಡುಗನನ್ನು ಕಂಡು ‘ಈ ಭಯ್ಯಾಗಳಿಂದಲೇ ಊರು ಕೆಟ್ಟಿತು’ ಎನ್ನುವಾಗ ವಿಷಯ ಬೇರೆಯಾಗುತ್ತದೆ.

ಈ ಮಾತಿನ ಧಾಟಿ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. 1960ರ ದಶಕದಲ್ಲಿ ಅದರ ಗುರಿ ನಮ್ಮ ಹಿರಿಯರೇ ಆಗಿದ್ದರು. ಆಗ ‘ಮಾರ್ಮಿಕ’ ವಾರಪತ್ರಿಕೆ, ಕಂಪನಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ, ‘ಓದಿ, ತಣ್ಣಗೆ ಕೂತಿರಿ’ ಎಂಬರ್ಥದ ಕುಚೋದ್ಯದ ತಲೆಬರಹ ಕೊಟ್ಟು ಅಚ್ಚುಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು. ಲುಂಗಿಗೂ ಪುಂಗಿಗೂ ಪ್ರಾಸ ಕೂಡಿಸಿದ ಘೋಷಣೆ ಬೀದಿಗೆ ಬಂತು. ಕನ್ನಡಿಗ, ತುಳುವ, ತಮಿಳ, ಮಲಯಾಳಿ ಎಲ್ಲರೂ ಒಂದೇ ‘ಮದರಾಸಿ’! ಆ ಪ್ರಾಸಕ್ಕೆ ನಕ್ಕವರೆಲ್ಲ ಕೈಯೆತ್ತಿದವರಲ್ಲ, ನಿಜ. ಆದರೆ ಉಡುಪಿ ಹೋಟೆಲುಗಳ ಮೇಲೆ ದಾಳಿ ನಡೆದಾಗ ಆ ನಗುವಿನ ಬಲ ದಾಳಿ ಮಾಡಿದವರ ಬೆನ್ನಿಗಿತ್ತು. 2008ರ ಅಕ್ಟೋಬರಿನಲ್ಲಿ ರೈಲ್ವೆ ಪರೀಕ್ಷೆಗೆಂದು ಮುಂಬಯಿಗೆ ಬಂದ ಉತ್ತರ ಭಾರತದ ಹುಡುಗರು ಪೆಟ್ಟು ತಿಂದಾಗಲೂ ಹಾಗೆಯೇ. ಬಿ.ಎಸ್ಸಿ.ಯಲ್ಲಿ ಕಲಿತದ್ದರಲ್ಲಿ ನೆನಪಿರುವುದು ಸ್ವಲ್ಪ. ಅದರಲ್ಲಿ ಇದೊಂದು: ಗೋಡೆಯಲ್ಲಿ ಅಡಗಿದ ಶಬ್ದ ಇಲ್ಲವಾಗುವುದಿಲ್ಲ, ಶಾಖವಾಗಿ ಉಳಿಯುತ್ತದೆ.

ನಮ್ಮವರ ಇನ್ನೊಂದು ರೂಢಿಯನ್ನೂ ಹೇಳಬೇಕು. ಮಂತ್ರಿಗಳನ್ನು ಆಡಿಕೊಳ್ಳುವಾಗ ಹಿಂದಿಯೋ ಮರಾಠಿಯೋ ಆಗುತ್ತದೆ, ಇಡೀ ಡಬ್ಬಿಯೇ ಕೇಳಲಿ ಎಂದು. ಭಯ್ಯಾನ ಮಾತು ಬಂದೊಡನೆ ದನಿ ತಗ್ಗಿ ಕನ್ನಡಕ್ಕೆ ತಿರುಗುತ್ತದೆ. ಬರಿಯ ತಮಾಷೆಯೇ ಆಗಿದ್ದರೆ ಈ ಮರೆ ಯಾತಕ್ಕೆ? ಅವನಿಗೆ ತಿಳಿಯಬಾರದೆಂಬ ಎಚ್ಚರ ಇದೆಯಲ್ಲ, ಅದೇ ಆ ಮಾತಿನ ಕೆಳಗಿನ ಸಹಿ. ಮಕ್ಕಳು ಕನ್ನಡ ಮರೆಯದಿರಲೆಂದು ಇಷ್ಟೆಲ್ಲ ಪಾಡುಪಡುತ್ತೇವೆ. ಅದು ಹೀಗೆ ಪರದೆಯಾಗಿ ಬಳಕೆಯಾಗುವುದು ನಮಗಂತೂ ಸರಿಕಾಣದು.

ಪರದೆಯಾದರೂ ಎಷ್ಟು ಗಟ್ಟಿ? ನಮ್ಮ ಕಟ್ಟಡಕ್ಕೆ ತರಕಾರಿ ತರುವ ಭಯ್ಯಾ ಹೆಂಗಸರೊಡನೆ ‘ಕೊತ್ತಂಬರಿ’, ‘ಚೌಕಾಸಿ ಬೇಡ ಅಮ್ಮಾ’ ಎನ್ನುವಷ್ಟು ಕನ್ನಡ ಕಲಿತಿದ್ದಾನೆ. ಇನ್ನೂ ಎಷ್ಟು ಕಲಿತಿದ್ದಾನೆಂದು ಅವನನ್ನು ಯಾರೂ ಕೇಳಿಲ್ಲ.