ಗದ್ದುಗೆಯ ಮುಂದಿನ ಅಂಗಡಿ ಸಾಲು

ಯಡಿಯೂರು ಸಿದ್ಧಲಿಂಗೇಶ್ವರರ ಗದ್ದುಗೆಗೆ ಹೋಗುವ ದಾರಿಯ ಅಂಗಡಿಗಳಲ್ಲಿ ಮಾರುವ ಹೆಚ್ಚಿನ ಸಾಮಾನಿಗೆ ತೆರಿಗೆಯೇ ಇಲ್ಲ. ತೆಂಗಿನಕಾಯಿಗೆ ಇಲ್ಲ, ಬಿಡಿಹೂವಿಗೆ ಇಲ್ಲ. ವಿಭೂತಿ, ರುದ್ರಾಕ್ಷಿ, ಗಾಜಿನ ಬಳೆ ಇವಕ್ಕೂ ಇಲ್ಲ. ಊದುಬತ್ತಿಗೆ ಶೇ 5 ಉಂಟು. ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ ಪ್ಲಾಸ್ಟಿಕ್ ಕಾರು, ಬೊಂಬೆ, ಪೀಪಿಗಳಿಗೂ ಉಂಟು. ಒಂದೇ ಮರದ ಹಲಗೆಯ ಮೇಲೆ ತೆರಿಗೆ ಇರುವುದೂ ಇಲ್ಲದಿರುವುದೂ ಅಕ್ಕಪಕ್ಕ ಕೂತಿರುತ್ತವೆ. ಕೊಳ್ಳುವವರಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಅವರಿಗೆ ಇಲ್ಲ.

ಮಾರುವವರಿಗೆ ಮಾತ್ರ ಈ ವ್ಯತ್ಯಾಸದಲ್ಲಿ ಬದುಕೇ ಇದೆ. ಕಾಯಿ, ಹೂವು, ವಿಭೂತಿ ಇಷ್ಟನ್ನೇ ಮಾರುವವರು ಎಷ್ಟೇ ವ್ಯಾಪಾರ ಮಾಡಲಿ, ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದೇ ಅಂಗಡಿಯಲ್ಲಿ ಒಂದು ಕಟ್ಟು ಊದುಬತ್ತಿ, ನಾಲ್ಕು ಬೊಂಬೆ ನೇತುಹಾಕಿದರೆ ಲೆಕ್ಕ ಬೇರೆ. ಆಗ ವರ್ಷಕ್ಕೆ 40 ಲಕ್ಷ ರೂಪಾಯಿಯ ಮಿತಿ ಬರುತ್ತದೆ. ಆ ಮಿತಿಯನ್ನು ಅಳೆಯುವಾಗ ಬೊಂಬೆಯ ದುಡ್ಡನ್ನಷ್ಟೇ ಎಣಿಸುವುದಿಲ್ಲ. ತೆರಿಗೆಯಿಲ್ಲದ ಕಾಯಿಯ ದುಡ್ಡು, ಹೂವಿನ ದುಡ್ಡು ಎಲ್ಲವೂ ಆ ಮೊತ್ತಕ್ಕೆ ಸೇರುತ್ತವೆ. ತೆರಿಗೆ ಕಟ್ಟಬೇಕಾದ್ದು ಬೊಂಬೆಗೇ ಆದರೂ ನೋಂದಣಿಯ ಬಾಗಿಲಿಗೆ ಆ ಅಂಗಡಿಯನ್ನು ತಂದು ನಿಲ್ಲಿಸುವುದು ಕಾಯಿ. ಈ ನಿಯಮ ಓದಿದಾಗಿನಿಂದ ನನ್ನ ಮನಸ್ಸು ಅದನ್ನು ಬಿಟ್ಟು ಕದಲಿಲ್ಲ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಹಾಲಿನ ಬೂತು, ತರಕಾರಿ ಮಳಿಗೆ. ಅವರ ಯುಪಿಐ ಖಾತೆಗಳಿಗೆ ಹಿಂದಿನ ವರ್ಷಗಳಲ್ಲಿ ಬಂದ ಹಣ ಕೂಡಿಸಿ ನೋಡಿ, ಮಿತಿ ದಾಟಿದ್ದೀರಿ, ತೆರಿಗೆ ಯಾಕೆ ಕಟ್ಟಿಲ್ಲ ಎಂದು ಕೇಳಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಬಂದಿದೆ ಎಂದು 29 ಲಕ್ಷ ರೂಪಾಯಿಯ ತೆರಿಗೆ ನೋಟಿಸ್ ಬಂದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಹಸಿ ತರಕಾರಿಗೆ ತೆರಿಗೆ ಇಲ್ಲ. ಆದರೆ ಖಾತೆಗೆ ಬಿದ್ದ ದುಡ್ಡಿನ ಮೇಲೆ ಇದು ತರಕಾರಿಯದು, ಇದು ತಂಗಿ ಮದುವೆಗೆ ನೆಂಟರಿಂದ ಪಡೆದ ಕೈಸಾಲದ್ದು ಎಂದು ಬರೆದಿರುವುದಿಲ್ಲವಲ್ಲ. ರಾಜ್ಯದ ಊರೂರುಗಳಲ್ಲಿ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು, ನಗದು ಮಾತ್ರ ಎಂದು ಚೀಟಿ ಅಂಟಿಸಿದರು. ಜುಲೈ 25ಕ್ಕೆ ಬಂದ್ ಕರೆಯೂ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಮಾತಾಡಿ, ನೋಂದಣಿ ಮಾಡಿಸಿಕೊಂಡು ಮುಂದೆ ತೆರಿಗೆ ಕಟ್ಟುವುದಾದರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ಬಂದ್ ನಿಂತಿತು.

ಆ ದಿನಗಳಲ್ಲಿ ಯಡಿಯೂರಿನಲ್ಲಿ ಒಬ್ಬಾಕೆಯ ಬಳಿ ಹೂವು ಕೊಂಡು ಫೋನು ತೆಗೆದೆ.

“ಫೋನಲ್ಲಿ ಬ್ಯಾಡ ಕಣಪ್ಪ, ದುಡ್ಡೇ ಕೊಟ್ಬುಡು. ಆಮೇಲೆ ಯಾರೋ ಲೆಕ್ಕ ಕೇಳ್ಕಂಡು ಬತ್ತಾರಂತೆ.”

“ಹೂವಿಗೆ ತೆರಿಗೆ ಇಲ್ಲ ಕಣಮ್ಮ.”

“ನಂಗೊತ್ತು. ಬರೋರಿಗೆ ಗೊತ್ತಿರ್ಬೇಕಲ್ಲ.”

ಆಕೆಯ ಮಾತಿನಲ್ಲಿ ಸಿಟ್ಟು ಇರಲಿಲ್ಲ. ತನ್ನ ಬದುಕನ್ನು ದೂರದಿಂದ ನೋಡುವವರಿಗೆ ಅದು ಅರ್ಥವಾಗಲಿಕ್ಕಿಲ್ಲ ಎಂಬ ಅಂದಾಜು ಇತ್ತು. ಆ ಅಂದಾಜು ತಪ್ಪು ಎಂದು ಧೈರ್ಯದಿಂದ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಯಡಿಯೂರನ್ನು ಹಾದುಹೋಗುವ ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಕುಣಿಗಲ್ ಹಾದು ಹಾಸನ, ಮಂಗಳೂರಿನ ಕಡೆಗೆ ಹೋಗುವ ಎನ್ಎಚ್ 75ರಲ್ಲಿ, ಕಂದು ಬಣ್ಣದ ಪೊಟ್ಟಣ ತುಂಬಿದ ಗಾಡಿಗಳು ಹಗಲೂ ರಾತ್ರಿ ಓಡುತ್ತವೆ. ಆ ಪೊಟ್ಟಣಗಳ ತೆರಿಗೆಯ ಕಥೆಯೂ ನಮ್ಮ ರಾಜ್ಯದಲ್ಲೇ ಬೆಳೆದದ್ದು. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಶುರುವಾಯಿತು. ಆಗ ಜಿಎಸ್‌ಟಿ ಇರಲಿಲ್ಲ, ಒಂದೊಂದು ರಾಜ್ಯಕ್ಕೂ ಅದರದೇ ವ್ಯಾಟ್. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ ಪ್ರಕಾರ ಸಾಮಾನು ಹೊರಟ ರಾಜ್ಯಕ್ಕೆ ತೆರಿಗೆ ಹೋಗುತ್ತಿತ್ತು, ಬಂದು ಇಳಿದ ರಾಜ್ಯಕ್ಕೆ ಏನೂ ಸಿಗುತ್ತಿರಲಿಲ್ಲ. ಕುಣಿಗಲ್‌ನವನೊಬ್ಬ ಮುಂಬೈಯಿಂದ ಫೋನು ತರಿಸಿಕೊಂಡರೆ ಮಹಾರಾಷ್ಟ್ರಕ್ಕೆ ತೆರಿಗೆ. ಕುಣಿಗಲ್ ಬಸ್‌ಸ್ಟ್ಯಾಂಡಿನ ಮುಂದಿನ ಅಂಗಡಿಯಲ್ಲಿ ಕೊಂಡರೆ ಕರ್ನಾಟಕಕ್ಕೆ. 2014ರಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಅಮೆಜಾನ್ ಜೊತೆ ಜಗಳಕ್ಕೆ ಬಿತ್ತು. ಬೇರೆ ಬೇರೆ ವ್ಯಾಪಾರಿಗಳ ಮಾಲನ್ನು ಬೆಂಗಳೂರಿನ ಹೊರಗಿನ ತನ್ನ ಗೋದಾಮಿನಲ್ಲಿ ಇಟ್ಟುಕೊಂಡು, ಕಟ್ಟಿ, ಕಳಿಸುವವನು ಬರೀ ಜಾಗ ಕೊಟ್ಟವನೋ ಅಥವಾ ಮಾರಾಟದಲ್ಲಿ ಪಾಲುಗೊಂಡ ಏಜೆಂಟನೋ ಎಂಬುದು ಅದರ ಪ್ರಶ್ನೆ. ಆ ಗೋದಾಮನ್ನು ತಮ್ಮ ವ್ಯಾಪಾರದ ಜಾಗ ಎಂದು ತೋರಿಸಿದ್ದ ಮಾರಾಟಗಾರರ ಪರವಾನಗಿಗಳೂ ರದ್ದಾದವು. ಅಂಗಡಿ ಎಂದರೆ ಎಲ್ಲಿದೆ ಎಂಬುದೇ ಕಾನೂನಿಗೆ ತಿಳಿಯದ ಕಾಲ ಅದು.

ಅಮೆರಿಕದಲ್ಲೂ ಇದೇ ತಕರಾರು ಬಹಳ ವರ್ಷ ನಡೆಯಿತು. ರಾಜ್ಯದೊಳಗೆ ಅಂಗಡಿಯೋ ಗೋದಾಮೋ ಇಲ್ಲದ ವ್ಯಾಪಾರಿಯಿಂದ ಮಾರಾಟ ತೆರಿಗೆ ವಸೂಲಿ ಮಾಡಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತ್ತು. ಸೌತ್ ಡಕೋಟ ರಾಜ್ಯ ವೇಫೇರ್ ಎಂಬ ಆನ್‌ಲೈನ್ ಪೀಠೋಪಕರಣ ಕಂಪನಿಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2018ರ ಜೂನ್‌ನಲ್ಲಿ, ಅದೇ ಕೋರ್ಟ್ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ರಾಜ್ಯದ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಒಂದೇ ಅಂಶ: ಅಲ್ಲಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟದ, 200 ವಹಿವಾಟನ್ನೂ ಮುಟ್ಟದ ಹೊರಗಿನ ಸಣ್ಣ ಮಾರಾಟಗಾರನಿಗೆ ತೊಂದರೆ ಕೊಡಬಾರದು ಎಂದು ಮೊದಲೇ ಬರೆದಿಟ್ಟಿದ್ದರು.

ನಮ್ಮಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಬಂದು, ತೆರಿಗೆ ಸಾಮಾನು ತಲುಪಿದ ರಾಜ್ಯಕ್ಕೆ ಸೇರುವ ಹಾಗಾಯಿತು. 2018ರ ಅಕ್ಟೋಬರಿನಿಂದ ಆನ್‌ಲೈನ್ ವೇದಿಕೆಗಳು ಪ್ರತಿ ಮಾರಾಟದಲ್ಲೂ ಶೇ 1ರಷ್ಟನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ನಿಯಮವೂ ಬಂತು. 2024ರ ಜುಲೈಯಲ್ಲಿ ಅದು ಅರ್ಧಕ್ಕೆ ಇಳಿಯಿತು. ಆದ್ದರಿಂದ ಆನ್‌ಲೈನಿನವರು ತೆರಿಗೆ ಕಟ್ಟುವುದಿಲ್ಲ, ಅದಕ್ಕೇ ಅಗ್ಗ ಎಂದು ನಮ್ಮ ಕಡೆ ಇನ್ನೂ ಹೇಳುವ ಮಾತು ಸರಿಯಲ್ಲ. ಅಲ್ಲಿ ಬಚ್ಚಿಡುವುದೇ ಹೆಚ್ಚು ಕಷ್ಟ. “ಬಿಲ್ ಬೇಡ, ಎಷ್ಟು ಕಮ್ಮಿ ಮಾಡ್ತೀರಿ?” ಎಂಬ ಮಾತು ನಡೆಯುವುದು ಕಟ್ಟೆಯ ಮುಂದೆ. ಕೇಳುವವರು ನಾವೇ. ಅಂಗಡಿಯವನ ಹೆಗಲ ಮೇಲೆ ಕಳ್ಳತನ ಹೊರಿಸುವಾಗ ಈ ಪ್ರಶ್ನೆ ಯಾರ ಬಾಯಿಂದ ಬಂತೆಂಬುದನ್ನು ಮರೆಯಬಾರದು.

ಹಾಗಾದರೆ ತೆರಿಗೆ ಸಮನಾದ ಮೇಲೂ ಕುಣಿಗಲ್‌ನ ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳು ಯಾಕೆ ಬಡವಾಗುತ್ತಿವೆ? ದೊಡ್ಡ ವೇದಿಕೆಗಳು ತಮಗೆ ಬೇಕಾದ ಕೆಲವೇ ಮಾರಾಟಗಾರರಿಗೆ ಮಣೆ ಹಾಕುತ್ತವೆ, ಹೊಸ ಫೋನುಗಳನ್ನು ತಮ್ಮಲ್ಲಿ ಮಾತ್ರ ಸಿಗುವ ಹಾಗೆ ಮಾಡಿಕೊಳ್ಳುತ್ತವೆ, ನಷ್ಟ ತಡೆದುಕೊಂಡು ರಿಯಾಯಿತಿ ಕೊಡುತ್ತವೆ ಎಂಬುದು ವ್ಯಾಪಾರಿಗಳ ದೂರು. ದೆಹಲಿ ವ್ಯಾಪಾರ ಮಹಾಸಂಘದ ಅಂಥ ದೂರಿನ ಮೇಲೆ 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟಿನಿಂದ ತಡೆ. 2021ರ ಜೂನ್‌ನಲ್ಲಿ ಅದೇ ಹೈಕೋರ್ಟ್ ಕಂಪನಿಗಳ ಅರ್ಜಿ ವಜಾ ಮಾಡಿತು, ಜುಲೈಯಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ದೂರು ಸರಿಯೋ ತಪ್ಪೋ ಎಂದು ನೋಡಲು ಶುರುಮಾಡುವುದಕ್ಕೇ ಒಂದೂವರೆ ವರ್ಷ. ಅಷ್ಟು ದಿನ ವಕೀಲರ ಖರ್ಚು ತಡೆದುಕೊಂಡು ಕಾಯುವ ಶಕ್ತಿ ಯಾರಿಗಿದೆ, ತಿಂಗಳ ಬಾಡಿಗೆಗೆ ಮಳಿಗೆ ಹಿಡಿದವನಿಗೆ ಆ ಶಕ್ತಿ ಇದೆಯೇ ಎಂಬುದನ್ನು ಯೋಚಿಸಿದರೆ, ಸ್ಪರ್ಧೆ ಎಲ್ಲಿ ಸಮನಾಗಿಲ್ಲ ಎಂಬುದು ತಿಳಿಯುತ್ತದೆ.

ನಮ್ಮ ಸೀಮೆಯ ದಿನಸಿ ಅಂಗಡಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಯಾವ ತೆರಿಗೆ ಪಟ್ಟಿಯಲ್ಲೂ ಜಾಗವಿಲ್ಲ. ಇದು ತೆಂಗು, ರಾಗಿಯ ನಾಡು. ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗಿ ದುಡ್ಡಾಗುವವರೆಗೆ ಎಷ್ಟೋ ಮನೆಗಳ ಎಣ್ಣೆ, ಬೇಳೆ, ಸೋಪು ಉದ್ರಿಯಲ್ಲಿ ನಡೆಯುತ್ತವೆ. “ಬರ್ಕೊಳಿ ಅಣ್ಣ” ಎಂದರೆ ಸಾಕು, ಬರೆದುಕೊಳ್ಳುತ್ತಾರೆ. ಆ ಪುಸ್ತಕದಲ್ಲಿ ಬಡ್ಡಿಯ ಕಲಂ ಇರುವುದಿಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷ ಆ ನಷ್ಟದ ಒಂದು ಪಾಲು ಸದ್ದಿಲ್ಲದೆ ಅಂಗಡಿಯವನ ಗಲ್ಲಾಪೆಟ್ಟಿಗೆಗೂ ಬಂದು ಸೇರುತ್ತದೆ. ಆನ್‌ಲೈನಿನಲ್ಲೂ ಕಂತು ಉಂಟು, ಆದರೆ ತಾರೀಖು ತಪ್ಪಿದರೆ ದಂಡ. ಮಳೆ ಬಂತೋ ಇಲ್ಲವೋ, ಮನೆಯಲ್ಲಿ ಸಾವಾಯಿತೋ ಎಂದು ಅದು ಕೇಳುವುದಿಲ್ಲ. ಚೈತ್ರದಲ್ಲಿ ಯಡಿಯೂರಿನ ತೇರು ಬಂದಾಗ ದಾಸೋಹಕ್ಕೆ ಅಕ್ಕಿ, ಬೆಲ್ಲದ ಮೂಟೆ ಕಳಿಸುವವರಲ್ಲಿ ಈ ಅಂಗಡಿಯವರು ಇರುತ್ತಾರೆ. ಹಬ್ಬದ ಚಂದಾ, ಶಾಲೆಯ ವಾರ್ಷಿಕೋತ್ಸವದ ಬಹುಮಾನ, ಊರಲ್ಲಿ ಯಾರೋ ಸತ್ತರೆ ಅಂದಿನ ಖರ್ಚಿಗೆ ಕೈಗೆ ಸಿಗುವ ಒಂದಿಷ್ಟು ನೋಟು, ಎಲ್ಲವೂ ಅಲ್ಲಿಂದ. ಎಲ್ಲ ಅಂಗಡಿಯವರೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ತೂಕದಲ್ಲಿ ಮೋಸ ಮಾಡುವವರನ್ನೂ, ಬರದ ವರ್ಷದಲ್ಲಿ ಬೆಲೆ ಏರಿಸುವವರನ್ನೂ ಊರು ಕಂಡಿದೆ. ಆದರೆ ಮೋಸ ಮಾಡಿದವನು ಊರಲ್ಲೇ ಬಾಳಬೇಕು, ಅವನ ಮುಖ ಎಲ್ಲರಿಗೂ ಗೊತ್ತು.

ಇಂಥ ಅಂಗಡಿಗೆ ತೆರಿಗೆಯ ದರ ದೊಡ್ಡ ಹೊರೆಯಲ್ಲ. ಒಂದೂವರೆ ಕೋಟಿಯೊಳಗೆ ವ್ಯಾಪಾರ ಇರುವವರು ರಾಜಿ ತೆರಿಗೆ ಪದ್ಧತಿಗೆ ಸೇರಿದರೆ ಶೇ 1ರಷ್ಟು ಕಟ್ಟಿ, ಮೂರು ತಿಂಗಳಿಗೊಮ್ಮೆ ಲೆಕ್ಕವನ್ನೂ ವರ್ಷಕ್ಕೊಂದು ರಿಟರ್ನನ್ನೂ ಕೊಟ್ಟರೆ ಸಾಕು. ಭಾರವಾಗುವುದು ಲೆಕ್ಕ: ಆಡಿಟರ್ ಫೀಸು, ಓಟಿಪಿ, ಪಾಸ್‌ವರ್ಡು, ತಡವಾದರೆ ದಿನದ ಲೆಕ್ಕದಲ್ಲಿ ದಂಡ. ದೊಡ್ಡ ಕಂಪನಿಯಲ್ಲಿ ಇದಕ್ಕೆಂದೇ ಒಂದು ಮಹಡಿ ತುಂಬ ಜನ ಇರುತ್ತಾರೆ. ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದವನೇ ರಾತ್ರಿ ಲೆಕ್ಕವನ್ನೂ ಬರೆಯಬೇಕು. ಒಂದೇ ಕಾನೂನು ಇಬ್ಬರಿಗೂ ಇದೆ, ನಿಜ. ಆನೆಯ ಮೇಲೂ ಮೇಕೆಯ ಮೇಲೂ ಒಂದೇ ಮೂಟೆ ಹೇರಿದಂತೆ ಅದು.

2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತುಗಳ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಒಳ್ಳೆಯ ಕೆಲಸವೇ. ಆನ್‌ಲೈನಿನಲ್ಲಿ ರಾತ್ರಿ ಕಳೆಯುವುದರೊಳಗೆ ಹೊಸ ಬೆಲೆ ಬಂತು. ರಾಜಿ ಪದ್ಧತಿಯ ಅಂಗಡಿಯವನು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ತಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ವಾಪಸು ಪಡೆಯುವಂತೆಯೂ ಇಲ್ಲ. ಶೇ 18 ಸೇರಿಸಿ ತಂದಿಟ್ಟ ಸೋಪಿನ ಪೆಟ್ಟಿಗೆ ಅವನ ಅಟ್ಟದಲ್ಲಿತ್ತು. ಟೀವಿ ನೋಡಿಕೊಂಡು ಬಂದ ಗಿರಾಕಿ ಹೊಸ ಬೆಲೆಯನ್ನೇ ಕೇಳಿದ. ಆ ಗಿರಾಕಿಯದೂ ತಪ್ಪಲ್ಲ. ನಡುವಿನ ವ್ಯತ್ಯಾಸವನ್ನು ಯಾರು ಹೊರಬೇಕು ಎಂದು ಮೇಲೆ ಕೂತು ದರ ನಿರ್ಧರಿಸಿದವರು ಒಂದು ಗಳಿಗೆ ಯೋಚಿಸಿದ್ದರೆ ಚೆನ್ನಾಗಿತ್ತು.

ಸುಂಕವನ್ನು ಪಾಪವೆಂದು ನೋಡಿದ ಪರಂಪರೆ ನಮ್ಮದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಇದ್ದರು. ಸುಂಕ ವಸೂಲಿಯೇ ಅವರ ಕಾಯಕ, ಆ ಕಾಯಕದ ಮಾತುಗಳಲ್ಲೇ ಅವರು ವಚನ ಹೇಳಿದರು. ಅದೇ ಶರಣರ ದಾರಿಯನ್ನು ಶತಮಾನಗಳ ನಂತರ ಮತ್ತೆ ಬೆಳಗಿಸಿದವರು ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ಯಡಿಯೂರಿನಲ್ಲಿ ಗದ್ದುಗೆಯಾದ ತೋಂಟದ ಸಿದ್ಧಲಿಂಗರು. ನೇಯುವವನ, ದೋಣಿ ನಡೆಸುವವನ, ಸುಂಕ ಎತ್ತುವವನ ಕೆಲಸಗಳನ್ನು ಆ ಶರಣರು ಒಂದೇ ಸಾಲಿನಲ್ಲಿ ಕೂರಿಸಿದರು. ಸುಂಕದ ಕಟ್ಟೆಯಲ್ಲಿ ಕೂತವನು ಎತ್ತನ್ನು ನೋಡುತ್ತಿದ್ದ, ಹೇರನ್ನು ಬಿಚ್ಚಿಸಿ ನೋಡುತ್ತಿದ್ದ, ತಂದವನ ಮುಖವನ್ನೂ ನೋಡುತ್ತಿದ್ದ. ಎಷ್ಟು ಎಂಬುದರ ಜೊತೆಗೆ ಏನು, ಯಾರದು ಎಂಬುದೂ ಅವನಿಗೆ ತಿಳಿಯುತ್ತಿತ್ತು. ಯುಪಿಐ ಲೆಕ್ಕದಲ್ಲಿ ಎಷ್ಟು ಎಂಬುದು ಮಾತ್ರ ಉಳಿದಿದೆ. ಅದು ಕರಾರುವಾಕ್ಕಾದ ಲೆಕ್ಕ, ಆದರೆ ಅರ್ಧ ಲೆಕ್ಕ.

ಆನ್‌ಲೈನ್ ವ್ಯಾಪಾರ ನಿಲ್ಲಬೇಕೆಂದು ನಾನು ಬಯಸುವುದಿಲ್ಲ. ಕುಣಿಗಲ್‌ನಲ್ಲಿ ಸಿಗದ ಪುಸ್ತಕವನ್ನು, ಔಷಧವನ್ನು ಅದು ಹಳ್ಳಿಯ ಬಾಗಿಲಿಗೆ ತಂದಿದೆ. 2023ರ ಅಕ್ಟೋಬರಿನಿಂದ ಮಿತಿಯೊಳಗಿನ ಸಣ್ಣ ವ್ಯಾಪಾರಿಯೂ ಜಿಎಸ್‌ಟಿ ನೋಂದಣಿಯಿಲ್ಲದೆ ವೇದಿಕೆಗಳ ಮೂಲಕ ಮಾರಬಹುದು. ಅದಕ್ಕೆ ಮೊದಲು ಒಂದು ರೂಪಾಯಿಯ ಮಾರಾಟಕ್ಕೂ ನೋಂದಣಿ ಬೇಕಿತ್ತು. ಈಗಲೂ ಒಂದು ಬೇಲಿ ಇದೆ: ಮಾರಾಟ ರಾಜ್ಯದ ಒಳಗೇ ಇರಬೇಕು. ಇಲ್ಲಿ ಊದುಬತ್ತಿ ಹೊಸೆಯುವ ಹೆಣ್ಣುಮಗಳು ದೂರದ ಬೀದರ್‌ಗೆ ಕಳಿಸಬಹುದು, ಹತ್ತಿರವೇ ಇರುವ ತಮಿಳುನಾಡಿನ ಹೊಸೂರಿಗೆ ಕಳಿಸುವಂತಿಲ್ಲ. ಸೂರತ್‌ನ ದೊಡ್ಡ ಮಾರಾಟಗಾರನ ಸೀರೆ ಮಾತ್ರ ಯಾವ ಗಡಿಯಲ್ಲೂ ನಿಲ್ಲದೆ ಯಡಿಯೂರಿಗೆ ಬಂದು ಇಳಿಯುತ್ತದೆ.

ಈ ಬೇಲಿಯನ್ನೂ, 40 ಲಕ್ಷದ ಮಿತಿಗೆ ತೆರಿಗೆಯಿಲ್ಲದ ಸಾಮಾನನ್ನು ಸೇರಿಸುವ ನಿಯಮವನ್ನೂ ತೆಗೆಯುವುದು ಬೆಂಗಳೂರಿನಲ್ಲಿ ಕೂತು ಆಗುವ ಕೆಲಸವಲ್ಲ. ಜಿಎಸ್‌ಟಿ ಮಂಡಳಿ ಒಪ್ಪಬೇಕು, ಕಾಯ್ದೆ ತಿದ್ದಬೇಕು. ಆ ಮಂಡಳಿಯ ಮತದಲ್ಲಿ ಕೇಂದ್ರದ ತೂಕ ಮೂರರಲ್ಲಿ ಒಂದು ಪಾಲು, ರಾಜ್ಯಗಳೆಲ್ಲ ಸೇರಿ ಎರಡು ಪಾಲು. ಕರ್ನಾಟಕದ ಮಂತ್ರಿಗೂ ಅಲ್ಲಿ ಒಂದು ಕುರ್ಚಿ ಇದೆ. ರಾಜ್ಯದ ಪಾಲು ಕಡಿಮೆಯಾಯಿತು ಎಂದು ಆ ಕುರ್ಚಿಯಿಂದ ಹಲವು ಸಲ ದನಿ ಎದ್ದಿದೆ, ಏಳಬೇಕಾದ್ದೇ. ಅದೇ ಕುರ್ಚಿಯಿಂದ ಕಾಯಿ, ಹೂವು ಮಾರುವವರ ಈ ಎರಡು ತೊಡಕುಗಳೂ ಮಂಡಳಿಯ ಮುಂದೆ ಹೋಗಲಿ. ಖಜಾನೆಗೆ ಅದರಿಂದ ದೊಡ್ಡ ನಷ್ಟವಾಗುತ್ತದೆಂದು ನನಗೆ ಅನ್ನಿಸುವುದಿಲ್ಲ.