ಗೊತ್ತಾಗಲಿಲ್ಲವೇ?

ಬೆಳಗಿನ ಐದೂಮುಕ್ಕಾಲು. ಗೇಟಿಗೆ ಸಿಕ್ಕಿಸಿದ ಚೀಲಕ್ಕೆ ಹಾಲಿನ ಪ್ಯಾಕೆಟ್ ಬಿದ್ದ ಸದ್ದಾಯಿತು. ಎದುರುಮನೆಯವರು ಬಾಗಿಲಿಗೆ ನೀರು ಹಾಕುತ್ತಿದ್ದಾರೆ. ನನಗೆ ಕಣ್ಣು ಉರಿ. ನಿದ್ದೆಗೆಟ್ಟದ್ದಕ್ಕೆ ಸ್ವಲ್ಪ, ಅತ್ತದ್ದಕ್ಕೆ ಸ್ವಲ್ಪ. ಐವತ್ತು ದಾಟಿದ ಹೆಂಗಸು ಟಿವಿಯ ಕಥೆಯೊಂದನ್ನು ನೋಡಿ ನಡುರಾತ್ರಿ ಬಿಕ್ಕಿದ್ದನ್ನು ಬೆಳಕು ಹರಿದ ಮೇಲೆ ನೆನೆದರೆ ನಾಚಿಕೆಯಾಗುತ್ತದೆ. ಅದೂ ಮೊದಲ ಸಲ ನೋಡಿದ್ದಲ್ಲ. ಕೊನೆಗೆ ಏನಾಗುತ್ತದೆ ಎಂದು ಗೊತ್ತಿದ್ದೇ ಎರಡನೆಯ ಸಲ ನೋಡಿದ್ದು. ಗೊತ್ತಿದ್ದರೂ ಅಳು ಯಾಕೆ ಬಂತು? ಒಲೆಯ ಮೇಲೆ ಹಾಲಿಟ್ಟು ಅದನ್ನೇ ಯೋಚಿಸುತ್ತಾ ನಿಂತಿದ್ದೇನೆ.

‘ಬ್ರಾಡ್‌ಚರ್ಚ್’ ಎಂಬ ಇಂಗ್ಲೆಂಡಿನ ಅಪರಾಧ ಧಾರಾವಾಹಿ ಅದು. ಬರೆದವರು ಕ್ರಿಸ್ ಚಿಬ್ನಲ್. 2013ರ ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಐಟಿವಿಯಲ್ಲಿ ವಾರಕ್ಕೊಂದರಂತೆ ಮೊದಲ ಸರಣಿಯ ಎಂಟು ಕಂತುಗಳು ಬಂದವು. ಕಡಲತೀರದ ಪುಟ್ಟ ಊರು. ಡ್ಯಾನಿ ಲ್ಯಾಟಿಮರ್ ಎಂಬ ಹನ್ನೊಂದು ವರ್ಷದ ಹುಡುಗನ ಹೆಣ ಒಂದು ಬೆಳಿಗ್ಗೆ ಬಂಡೆಯ ಕೆಳಗಿನ ಮರಳಿನಲ್ಲಿ ಸಿಗುತ್ತದೆ. ತನಿಖೆಗೆ ಇಬ್ಬರು. ಹೊರಗಿನಿಂದ ಬಂದ, ಯಾರನ್ನೂ ನಂಬದ, ಹೃದಯದ ಕಾಯಿಲೆಯನ್ನು ಬಚ್ಚಿಟ್ಟುಕೊಂಡ ಇನ್‌ಸ್ಪೆಕ್ಟರ್ ಅಲೆಕ್ ಹಾರ್ಡಿ. ಅದೇ ಊರಿನವಳಾದ, ಎಲ್ಲರನ್ನೂ ಬಲ್ಲ ಸಾರ್ಜೆಂಟ್ ಎಲಿ ಮಿಲ್ಲರ್. ಸತ್ತ ಹುಡುಗ ಎಲಿಯ ಮಗನ ಜೀವದ ಗೆಳೆಯ. ಹುಡುಗನ ತಾಯಿ ಬೆತ್ ಎಲಿಯ ಗೆಳತಿ.

ಕೊಲೆಗಾರ ಯಾರೆಂದು ಹೇಳದೆ ನನ್ನ ಅಳುವಿನ ಕಾರಣ ಹೇಳಲು ಬರುವುದಿಲ್ಲ. ಇನ್ನೂ ನೋಡದವರು ಕ್ಷಮಿಸಬೇಕು.

ಎಂಟನೆಯ ಕಂತಿನಲ್ಲಿ ಹಾರ್ಡಿ ಎಲಿಯನ್ನು ಠಾಣೆಯ ವಿಚಾರಣೆ ಕೋಣೆಗೆ ಕರೆದು ಕೂರಿಸುತ್ತಾನೆ. ಏಳು ಕಂತುಗಳಲ್ಲಿ ಅವನು ಅವಳನ್ನು ‘ಮಿಲ್ಲರ್’ ಎಂದೇ ಕರೆದವನು. ತನ್ನನ್ನು ಎಲಿ ಎನ್ನಬೇಕೆಂದು ಅವಳು ಮೊದಲಲ್ಲೇ ಹೇಳಿದ್ದರೂ ಅವನ ಬಾಯಿಗೆ ಆ ಹೆಸರು ಹೊಂದಿರಲಿಲ್ಲ. ಈಗ ಮೆತ್ತಗೆ ಎಲಿ ಎನ್ನುತ್ತಾನೆ. ಕೆಟ್ಟ ಸುದ್ದಿ ಬರುವುದು ಹೀಗೆಯೇ ತಾನೆ? ಗದರುವವರು ಇದ್ದಕ್ಕಿದ್ದಂತೆ ಮೃದುವಾದರೆ ನಮ್ಮ ಕೈಕಾಲು ತಣ್ಣಗಾಗುತ್ತವೆ. ಡ್ಯಾನಿಯನ್ನು ಕೊಂದದ್ದು ಎಲಿಯ ಗಂಡ ಜೋ. ಮನೆಯಲ್ಲಿದ್ದು ಮಗು ನೋಡಿಕೊಳ್ಳುವ, ಅವಳು ಸೋತು ಬಂದಾಗ ತಟ್ಟೆಯಿಟ್ಟು ಬಡಿಸುವ ಗಂಡ.

ಎಲಿಯಾಗಿ ನಟಿಸಿದ ಒಲಿವಿಯಾ ಕೋಲ್ಮನ್ ಆ ಕೆಲವು ನಿಮಿಷ ಏನು ಮಾಡುತ್ತಾಳೆಂದು ಹೇಳುವುದು ಕಷ್ಟ. ಮೊದಲು ಇಲ್ಲ ಎನ್ನುತ್ತಾಳೆ, ತಪ್ಪು ಲೆಕ್ಕವನ್ನು ತಿದ್ದುವವರ ಹಾಗೆ. ಆಮೇಲೆ ಮಾತು ನಿಲ್ಲುತ್ತದೆ. ದೇಹ ಒಪ್ಪುವುದಿಲ್ಲ, ಉಬ್ಬಳಿಸಿ ಬರುತ್ತದೆ, ಗೋಡೆಯ ಮೂಲೆಗೆ ಹೋಗಿ ಮುದುಡುತ್ತಾಳೆ. ಇಡೀ ಊರಿನ ಮನೆಬಾಗಿಲು ತಟ್ಟಿ ಪ್ರಶ್ನೆ ಕೇಳಿದ ಪೊಲೀಸಿನವಳು ಒಂದೇ ಗಳಿಗೆಯಲ್ಲಿ ತನ್ನದೇ ಮನೆಯ ಬಾಗಿಲಲ್ಲಿ ಹೊರಗಿನವಳಾಗಿ ನಿಂತಿರುತ್ತಾಳೆ. ಈ ಅಭಿನಯಕ್ಕೆ 2014ರಲ್ಲಿ ಆಕೆಗೆ ಬಾಫ್ಟಾ ಪ್ರಶಸ್ತಿ ಬಂತು.

ಆದರೆ ನಾನು ಅತ್ತದ್ದು ಅಲ್ಲಲ್ಲ. ಅದು ಇನ್ನೂ ಆಚೆಗಿದೆ.

ಏಳನೆಯ ಕಂತಿನಲ್ಲಿ ಎಲಿ, ಸೂಸನ್ ರೈಟ್ ಎಂಬ ಬಿಗಿದ ಮುಖದ ಹೆಂಗಸನ್ನು ವಿಚಾರಣೆಗೆ ಕೂರಿಸಿಕೊಂಡಿರುತ್ತಾಳೆ. ಸೂಸನ್‌ಳ ಗಂಡ ಹಿಂದೆ ಸ್ವಂತ ಮಗಳ ಮೇಲೆಯೇ ಘೋರ ಕೃತ್ಯ ಎಸಗಿದವನು. ಅದೆಲ್ಲ ನಡೆಯುತ್ತಿದ್ದಾಗ ತನಗೆ ತಿಳಿದಿರಲಿಲ್ಲ ಎನ್ನುತ್ತಾಳೆ ಸೂಸನ್. ಎಲಿಗೆ ನಂಬಲಾಗುವುದಿಲ್ಲ. ಒಂದೇ ಸೂರಿನ ಕೆಳಗಿದ್ದು ಹೇಗೆ ಗೊತ್ತಾಗಲಿಲ್ಲ ಎಂದು ಕೇಳುತ್ತಾಳೆ. ಆ ದನಿಯಲ್ಲಿ ಕನಿಕರವಿಲ್ಲ, ಚೂರು ಅಸಹ್ಯವಿದೆ. ಒಂದೇ ಕಂತು ಕಳೆಯುವಷ್ಟರಲ್ಲಿ ಮಗನನ್ನು ಕಳೆದುಕೊಂಡ ಬೆತ್ ಎದುರು ನಿಂತು ಎಲಿಯನ್ನು ಕೇಳುವುದೂ ಅದನ್ನೇ. ಹೆಚ್ಚುಕಡಿಮೆ ಅದೇ ಮಾತು, ಅದೇ ದನಿ. ಎಲಿಯ ಬಳಿ ಉತ್ತರವಿಲ್ಲ. ನನ್ನ ಎದೆ ಒಡೆದದ್ದು ಅಲ್ಲಿ.

ಮೊದಲ ಸಲ ನೋಡಿದಾಗ ನಾನೂ ಎಲ್ಲರಂತೆ ಕೊಲೆಗಾರನನ್ನು ಹುಡುಕುತ್ತಿದ್ದೆ. ಪಾದ್ರಿಯೇ? ಕೊಳಾಯಿ ರಿಪೇರಿಯವನೇ? ಈ ಸಲ ಹುಡುಕುವುದೇನೂ ಇರಲಿಲ್ಲ. ಹಾಗಾಗಿ ಏಳು ಕಂತುಗಳುದ್ದಕ್ಕೂ ಜೋನನ್ನೇ ನೋಡಿದೆ. ಎಲ್ಲಾದರೊಂದು ಕಡೆ ಮುಖ ಬಿಟ್ಟುಕೊಟ್ಟಿರಬೇಕು, ಕಣ್ಣು ತಪ್ಪಿಸಿರಬೇಕು ಎಂದು ಕಾದೆ. ಅವನು ಮಗುವನ್ನು ಎತ್ತಿಕೊಳ್ಳುತ್ತಾನೆ. ಹೆಂಡತಿ ತಡವಾಗಿ ಬಂದರೆ ಸಿಡುಕುವುದಿಲ್ಲ. ಅವಳಿಗೆ ಬರಬೇಕಿದ್ದ ಹುದ್ದೆ ಹಾರ್ಡಿಯ ಪಾಲಾದಾಗ ಸಮಾಧಾನ ಹೇಳುತ್ತಾನೆ. ಅಷ್ಟೇ. ಕೊಲೆಗಾರನೆಂದು ಗೊತ್ತಿದ್ದೇ ನೋಡಿದ ನನಗೂ ಅವನು ಒಳ್ಳೆಯ ಗಂಡನಂತೆಯೇ ಕಂಡ. ಗೊತ್ತಿದ್ದು ನೋಡಿದರೂ ಗೊತ್ತಾಗಲಿಲ್ಲ! ಚಿತ್ರೀಕರಣ ಬಹುಪಾಲು ಮುಗಿಯುವ ತನಕ ಕೊಲೆಗಾರ ಯಾರೆಂದು ಹೆಚ್ಚಿನ ನಟರಿಗೇ ಹೇಳಿರಲಿಲ್ಲವಂತೆ. ಒಬ್ಬರ ಪಕ್ಕ ಒಬ್ಬರು ನಿಂತು ದಿನವಿಡೀ ದುಡಿದವರಿಗೂ ಪಕ್ಕದಲ್ಲಿರುವವನು ಯಾರು ಎಂಬುದು ಕೊನೆಯವರೆಗೆ ಗುಟ್ಟಾಗಿತ್ತು. ಹಾಗಿರುವಾಗ ದಿನವಿಡೀ ಠಾಣೆಯಲ್ಲಿ ದಣಿದು, ಮನೆಗೆ ಬಂದು, ಊಟ ಮಾಡಿ ಮಲಗುವ ಎಲಿಗೆ ಹೇಗೆ ತಿಳಿಯಬೇಕು?

ಹಾಲು ಉಕ್ಕಿ ಬಂತು. ಉರಿ ಸಣ್ಣ ಮಾಡಿದೆ. ಇಪ್ಪತ್ತು ವರ್ಷದ ಹಿಂದಿನ ಇನ್ನೊಂದು ಬೆಳಗು ನೆನಪಾಯಿತು. ರಾತ್ರಿ ಬಂದ ಅಳುವಿಗೆ ನಿಜವಾದ ಕಾರಣ ಅದೇ ಇದ್ದೀತು.

ಆಗ ನಾವು ವಠಾರದಲ್ಲಿದ್ದೆವು. ಪಕ್ಕದ ಮನೆಯಾತ ಚೀಟಿ ನಡೆಸುತ್ತಿದ್ದ. ಹಸನ್ಮುಖಿ. ಯಾರ ಮನೆಯಲ್ಲಿ ಸಾವುನೋವಾದರೂ ಮೊದಲು ಬರುವವನು ಅವನೇ. ಒಂದು ಸೋಮವಾರ ಎಲ್ಲರ ದುಡ್ಡಿನ ಜೊತೆ ಮಾಯವಾದ. ನಮ್ಮದೂ ಆರು ತಿಂಗಳ ಕಂತು ಹೋಯಿತು. ಎರಡು ದಿನ ಆತನ ಹೆಂಡತಿ ಹೊರಗೆ ಬರಲಿಲ್ಲ. ಮೂರನೆಯ ದಿನ ನಸುಕಿನಲ್ಲಿ, ಯಾರೂ ಎದ್ದಿರಲಾರರು ಎಂದುಕೊಂಡು ನಲ್ಲಿಗೆ ಬಂದಳು. ನಾನು ಎದ್ದಿದ್ದೆ.

“ಅಕ್ಕ, ನಿಮಗೆ ಗೊತ್ತೇ ಆಗ್ಲಿಲ್ವಾ?” ಎಂದು ಕೇಳಿದೆ.

ಹಿತ್ತಾಳೆಯ ಕೊಡ ತುಂಬಿ, ನೀರು ಚೆಲ್ಲಿ, ಆಕೆಯ ಸೀರೆಯ ಅಂಚು ನೆನೆಯುತ್ತಿತ್ತು. ಆಕೆ ನಲ್ಲಿ ನಿಲ್ಲಿಸಲಿಲ್ಲ. ನಾನೇ ಕೈಚಾಚಿ ತಿರುಗಿಸಿದೆ. ಇಷ್ಟೂ ನೆನಪಿದೆ. ಆಕೆ ಏನು ಉತ್ತರ ಕೊಟ್ಟಳು ಎಂಬುದು ಮಾತ್ರ ನೆನಪಿಗೆ ಬರುತ್ತಿಲ್ಲ. ಕೊಡಲೇ ಇಲ್ಲವೋ, ನಾನು ಉತ್ತರಕ್ಕೆ ಕಾಯಲಿಲ್ಲವೋ. ವಠಾರದ ಅಷ್ಟೂ ಮನೆಯವರು ಆಮೇಲೆ ಅದನ್ನೇ ಕೇಳಿದರು. ಆಕೆ ಕೈಬಳೆ ಮಾರಿ ಒಂದಿಬ್ಬರ ಬಾಕಿ ತೀರಿಸಿ, ಮಗಳನ್ನು ಕರೆದುಕೊಂಡು ತವರಿಗೆ ಹೋದಳು.

‘ಗೊತ್ತಾಗಲಿಲ್ಲವೇ’ ಎಂಬ ಮಾತನ್ನು ಕೊಂಚ ಬಿಡಿಸಿ ನೋಡಬೇಕು. ಕೊನೆಯಲ್ಲಿ ಒಂದು ‘ಏ’ ಇದೆ, ಅದಕ್ಕೇ ಪ್ರಶ್ನೆಯಂತೆ ಕಾಣುತ್ತದೆ. ಒಳಗಿರುವುದು ತೀರ್ಪು: ಗೊತ್ತಿತ್ತು, ಸುಮ್ಮನಿದ್ದೆ; ಅಥವಾ ಗೊತ್ತಾಗದಷ್ಟು ಪೆದ್ದಿ ನೀನು. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುತ್ತೇವೆ, ಮೂರನೆಯ ಬಾಗಿಲು ಇಡುವುದಿಲ್ಲ. ಅದನ್ನು ಕೇಳುವುದೂ ಎದುರಿನವರಿಗಾಗಿ ಅಲ್ಲ. ಇಂಥದ್ದು ನಮ್ಮ ಮನೆಯಲ್ಲಿ ಆಗಲಾರದು, ಆದರೆ ನಮಗಂತೂ ತಿಳಿದೇ ತಿಳಿಯುತ್ತದೆ ಎಂದು ನಮಗೆ ನಾವೇ ಹೇಳಿಕೊಳ್ಳುವ ಧೈರ್ಯ ಅದು. ಎಲಿ ಸೂಸನ್‌ಳನ್ನು ಕೇಳಿದಾಗ ಕಟ್ಟಿಕೊಂಡದ್ದು ಅಂಥದೇ ಗೋಡೆ.

ಇದರ ಇನ್ನೊಂದು ಮುಖವನ್ನೂ ಕಥೆ ತೋರಿಸುತ್ತದೆ. ಕೊಲೆಗಾರ ಯಾರೆಂದು ಊರಿಗೆ ಎಂದೋ ‘ಗೊತ್ತಾಗಿತ್ತು’. ಪತ್ರಿಕೆ ಅಂಗಡಿಯ ಮುದುಕ ಜ್ಯಾಕ್ ಮಾರ್ಷಲ್. ಡ್ಯಾನಿ ಅವನ ಅಂಗಡಿಯ ಪೇಪರ್ ಹಾಕುತ್ತಿದ್ದ. ಮುದುಕನ ಹಳೆಯ ಶಿಕ್ಷೆಯೊಂದರ ಕಥೆಯನ್ನು ಪತ್ರಿಕೆಗಳು ಎತ್ತಿ ಬರೆದವು. ಅಷ್ಟು ಸಾಕಾಯಿತು. ಜನ ಬಾಗಿಲಿಗೆ ಬಂದು ನಿಂತರು, ಮುದುಕ ಜೀವ ಕಳೆದುಕೊಂಡ. ಅವನು ನಿರಪರಾಧಿ. ಊರಿಗೆ ಗೊತ್ತಿದ್ದದ್ದು ಸುಳ್ಳಾಯಿತು, ಗೊತ್ತಿಲ್ಲದ್ದು ನಿಜವಾಯಿತು. ಹೀಗಿದ್ದೂ ಗೊತ್ತಾಗದವರನ್ನು ಕಟಕಟೆಗೆ ನಿಲ್ಲಿಸುವ ಹಕ್ಕು ನಮಗೆಲ್ಲಿಂದ ಬರುತ್ತದೆಯೋ.

ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ನಾವು ಕುಹಕಕ್ಕೇ ಬಳಸುತ್ತೇವೆ. ಊರಿಗೆಲ್ಲ ಬೆಳಕು ಕೊಡುವವರ ಮನೆಯಲ್ಲೇ ನೋಡಿ ಎಂದು. ಇವತ್ತು ದೇವರ ಮುಂದೆ ದೀಪ ಹಚ್ಚುವಾಗ ಆ ಬುಡವನ್ನೇ ನೋಡಿದೆ. ಬತ್ತಿ ಮೇಲಿದೆ, ಕೆಳಗೆ ದುಂಡನೆಯ ನೆರಳು. ಅದು ದೀಪದ ತಪ್ಪಲ್ಲ. ತನ್ನನ್ನು ಹೊತ್ತ ಬುಡದ ಮೇಲೆ ದೀಪಕ್ಕೆ ಬೆಳಕು ಬೀಳಿಸಲಾಗದು. ನಾವು ಆತು ನಿಂತವರನ್ನು ನಾವು ಪರೀಕ್ಷಿಸುವುದಿಲ್ಲ. ಪರೀಕ್ಷಿಸಲು ಹೊರಟ ಕ್ಷಣ ಆತು ನಿಲ್ಲುವುದು ತಪ್ಪುತ್ತದೆ. ಅನ್ನ ಬಡಿಸಿದವರ ಮುಂದೆ ತುತ್ತನ್ನು ಮೂಸಿ ನೋಡಿ ಉಣ್ಣುವವರುಂಟೇ? ನಂಬಿಕೆ ಎಂದರೆ ನೋಡದೆ ಇರುವುದಕ್ಕೆ ಒಪ್ಪಿಕೊಂಡದ್ದು. ಅದರಿಂದ ಎಲಿ ಕುರುಡಿಯಾಗಿದ್ದಳು ಎನ್ನಲು ನನಗೆ ಮನಸ್ಸಿಲ್ಲ. ಅವಳು ನಂಬಿದ್ದಳು.

ಹಾಗಾದರೆ ಯಾರನ್ನೂ ನಂಬದ ಹಾರ್ಡಿ ಜಾಣನೇ? ಊರವರನ್ನೆಲ್ಲ ಹೊರಗಿನವಳಂತೆ ನೋಡು ಎಂದು ಎಲಿಗೆ ಪಾಠ ಹೇಳಿದವನು ಅವನು. ಆದರೆ ಅವನದೂ ಒಂದು ಗುಟ್ಟು ಬಿಚ್ಚಿಕೊಳ್ಳುತ್ತದೆ. ಹಿಂದಿನ ಪ್ರಕರಣದಲ್ಲಿ ಮುಖ್ಯ ಸಾಕ್ಷ್ಯವನ್ನು ಕಳೆದದ್ದು ಅವನಲ್ಲ, ಅದೇ ಇಲಾಖೆಯಲ್ಲಿದ್ದ ಅವನ ಹೆಂಡತಿ. ಪರಪುರುಷನೊಬ್ಬನ ಜೊತೆ ಅವಳು ದಾರಿಯಲ್ಲಿ ಹೋಟೆಲಿಗೆ ಹೋಗಿದ್ದಾಗ ಕಾರಿನಿಂದ ಅದು ಕಳುವಾಗಿತ್ತು. ಮಗಳ ಮುಂದೆ ತಾಯಿಯ ಮಾನ ಹೋಗಬಾರದೆಂದು ತಪ್ಪನ್ನು ತಾನು ಹೊತ್ತ. ನಂಬಿ ಕುಸಿದವನೇ ನಂಬಬೇಡ ಎಂದು ಬೋಧಿಸುತ್ತಿದ್ದ. ಆ ಕೋಣೆಯಲ್ಲಿ ಎಲಿಯನ್ನು ಹೆಸರು ಹಿಡಿದು ಕರೆದ ಮೃದುತನಕ್ಕೆ ಇದೇ ಮೂಲ ಎಂದು ನನಗೆ ಈ ಸಲ ಹೊಳೆಯಿತು. ಊರಿನಲ್ಲಿ ಅವಳಿಗೆ ಆ ಪ್ರಶ್ನೆ ಕೇಳದವನು ಅವನು, ಯಾಕೆಂದರೆ ಅದರ ಭಾರ ಬಲ್ಲವನು.

ಧಾರಾವಾಹಿಯ ಆ ಬಂಡೆ ಡಾರ್ಸೆಟ್ ಜಿಲ್ಲೆಯ ವೆಸ್ಟ್ ಬೇ ಎಂಬಲ್ಲಿ ನಿಜವಾಗಿ ಇದೆ. ಹೊನ್ನಿನ ಬಣ್ಣದ ಮರಳುಗಲ್ಲು, ಪದರದ ಮೇಲೆ ಪದರ, ಕಡಲಂಚಿಗೆ ನೆಟ್ಟಗೆ ಎದ್ದು ನಿಂತ ಕೋಟೆಗೋಡೆಯಂತೆ. ಪ್ರತಿ ಕಂತಿನಲ್ಲೂ ಅದು ಬಂದು ಬಂದು ಕಣ್ಣಿಗೆ ಕಟ್ಟುತ್ತದೆ. ನೋಡಲು ಅಷ್ಟು ಗಟ್ಟಿ. ಆದರೆ ಅದು ಆಗಾಗ ಕುಸಿಯುವ ಬಂಡೆ, ಬುಡದಲ್ಲಿ ನಿಲ್ಲಬೇಡಿ ಎಂಬ ಎಚ್ಚರಿಕೆ ಅಲ್ಲಿ ಇದ್ದೇ ಇರುತ್ತದೆ. ಹಾಗೆಂದು ಜನ ಸಮುದ್ರಕ್ಕೆ ಬರುವುದನ್ನು ಬಿಟ್ಟಿಲ್ಲ.

ಕೊನೆಯ ದೃಶ್ಯವೂ ಆ ತೀರದಲ್ಲೇ. ಡ್ಯಾನಿಯ ನೆನಪಿಗೆ ಊರವರು ಮರಳಿನ ಮೇಲೆ ಬೆಂಕಿ ಹಚ್ಚುತ್ತಾರೆ. ಬೆತ್ ತಲೆ ಎತ್ತಿ ನೋಡಿದರೆ ದೂರದ ಬಂಡೆಯ ಮೇಲೊಂದು ಬೆಂಕಿ, ಅದರಾಚೆ ಇನ್ನೊಂದು. ಕರಾವಳಿಯುದ್ದಕ್ಕೂ ಬೇರೆ ಊರಿನವರು ಅವಳ ಮಗನಿಗಾಗಿ ಬೆಳಕು ಹಿಡಿದು ನಿಂತಿದ್ದಾರೆ. ಎಲಿ ಆ ಗುಂಪಿನಲ್ಲಿಲ್ಲ. ಹಾರ್ಡಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದಾಳೆ. ಹುಡುಗನನ್ನು ಕಳೆದುಕೊಂಡವಳಿಗೆ ಹತ್ತು ಬೆಟ್ಟದ ಮೇಲೆ ಬೆಂಕಿ ಉರಿಯಿತು, ಬದುಕನ್ನೇ ಕಳೆದುಕೊಂಡ ಇನ್ನೊಬ್ಬಳಿಗೆ ಒಂದೂ ಇಲ್ಲ. ಅವಳ ಪಾಲಿಗೆ ಪಕ್ಕದಲ್ಲಿ ಸುಮ್ಮನೆ ಕೂತ ಒಬ್ಬ ಮನುಷ್ಯ. ನಲ್ಲಿಯ ಹತ್ತಿರ ಆ ಬೆಳಿಗ್ಗೆ ನಾನು ಅಷ್ಟಾದರೂ ಆಗಬಹುದಿತ್ತು. ಆಕೆಯ ಕೊಡಕ್ಕೊಂದು ಕೈ ಕೊಟ್ಟು ಮನೆತನಕ ನಡೆದಿದ್ದರೆ ಸಾಕಿತ್ತು.

“ಕಾಫಿ ಆಯ್ತಾ?” ಎನ್ನುತ್ತಾ ಇವರು ಅಡುಗೆಮನೆಗೆ ಬಂದರು. ನನ್ನ ಮುಖ ನೋಡಿ, “ಕಣ್ಣೆಲ್ಲ ಊದಿದೆಯಲ್ಲ, ರಾತ್ರಿ ಎಷ್ಟೊತ್ತಿಗೆ ಮಲಗಿದೆ?” ಎಂದರು.

“ಒಂದೂವರೆ ಆಗಿತ್ತು. ಹಾಲ್‌ನಲ್ಲಿ ಕೂತು ಅಳ್ತಾ ಇದ್ದೆ. ಎರಡು ಸಲ ಒಳಗೆ ಬಂದು ನೀರೂ ಕುಡಿದು ಹೋದೆ. ನಿಮಗೆ ಗೊತ್ತಾಗ್ಲಿಲ್ವಾ?”

ಕೇಳಿದ ಮೇಲೆ ಮಾತು ನನ್ನ ಕಿವಿಗೇ ಬಿತ್ತು.

“ಇಲ್ಲ ಕಣೇ,” ಎಂದರು, ತಪ್ಪು ಮಾಡಿದವರಂತೆ. “ಒಳ್ಳೆ ನಿದ್ದೆ ಬಂದಿತ್ತು.”

ನಡುವೆ ಒಂದೇ ಒಂದು ಗೋಡೆ. ಈ ಸಲ ನಾನು ಉತ್ತರಕ್ಕೆ ಕಾದಿದ್ದೆ, ಮತ್ತು ಅದನ್ನು ನಂಬಿದೆ. ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ. ಅವರು ಬಿಸಿಯನ್ನೂ ನೋಡದೆ ಬಾಯಿಗಿಟ್ಟರು.